ಹೊಸ ಪ್ರೊಸೆಸರ್ ಕೊಳ್ಳುವ ಮುನ್ನ ಸಾಕೆಟ್ ನೋಡಿ

ಹೊಸ ತಲೆಮಾರಿನ ಪ್ರೊಸೆಸರ್ ಬಂತು ಅಂತ ತಕ್ಷಣ ದುಡ್ಡು ಸುರಿಯಬೇಡಿ. ನಿಮ್ಮ ಮದರ್‌ಬೋರ್ಡಿನ ಸಾಕೆಟ್‌ಗೆ, ಅಂದರೆ ಪ್ರೊಸೆಸರ್ ಕೂರುವ ಜಾಗಕ್ಕೆ, ಅದು ಹೊಂದುತ್ತದೆಯೇ ಅಂತ ಮೊದಲು ನೋಡಿ. 2024ರಲ್ಲಿ ಬಂದ ಎಎಂಡಿಯ ರೈಜೆನ್ 9000 ಸರಣಿ ಎಎಂ5 ಸಾಕೆಟ್‌ನ ಹಳೆಯ ಬೋರ್ಡಿನಲ್ಲೇ ಕೂರುತ್ತದೆ, ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರಾಯಿತು. ಅದೇ ವರ್ಷದ ಇಂಟೆಲ್ ಕೋರ್ ಅಲ್ಟ್ರಾ 200ಎಸ್‌ಗೆ ಹೊಸ ಬೋರ್ಡೇ ಬೇಕು. ಹಳೆಯ ಮಾದರಿಯ ಡಿಡಿಆರ್4 ಇದ್ದವರು ರ‍್ಯಾಮನ್ನೂ ಬದಲಿಸಬೇಕು. ಇಷ್ಟೆಲ್ಲ ಮಾಡಿದರೂ ಹಲವು ಗೇಮ್‌ಗಳಲ್ಲಿ ಅದು ಇಂಟೆಲ್‌ನದೇ ಹಿಂದಿನ 14ನೇ ತಲೆಮಾರಿಗಿಂತ ಹಿಂದೆಯೇ ಬಿತ್ತು (ಕರೆಂಟ್ ಮಾತ್ರ ಕಡಿಮೆ ಎಳೆಯುತ್ತದೆ, ಒಪ್ಪೋಣ).

ಗೇಮ್ ಆಡುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಗ್ರಾಫಿಕ್ಸ್ ಕಾರ್ಡ್ ಶೇ. 100ರ ಹತ್ತಿರ ಓಡುತ್ತಿದ್ದರೆ ಪ್ರೊಸೆಸರ್ ಬದಲಿಸಿ ಹೆಚ್ಚೇನೂ ಸಿಗುವುದಿಲ್ಲ. ಎಎಂಡಿಯ ಹಿಂದಿನ ಎಎಂ4 ಸಾಕೆಟ್‌ನ ಬೋರ್ಡ್ ಇರುವವರಿಗೆ ರೈಜೆನ್ 7 5700ಎಕ್ಸ್3ಡಿ ಪ್ರೊಸೆಸರ್ ಸಿಕ್ಕರೆ ಚಿಪ್ ಒಂದನ್ನೇ ಬದಲಿಸಿ ಇನ್ನೂ ಕೆಲವು ವರ್ಷ ತಳ್ಳಬಹುದು. ದಿನವೂ ವಿಡಿಯೋ ರೆಂಡರ್ ಮಾಡುವವರ ಲೆಕ್ಕ ಬೇರೆ, ಅವರು ಕೋರ್‌ಗಳ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕಗಳ) ಸಂಖ್ಯೆ ನೋಡಿ ಕೊಳ್ಳಲಿ.