ಡಾಲ್ಫಿನ್ ಜೊತೆ ಈಜುವ ಆಸೆಯೇ? ತಯಾರಿ ಸರಸ್ವತಿಪುರಂನಿಂದ ಶುರುಮಾಡಿ

ಮೈಸೂರಿನ ಯಾವ ಬೀದಿಗೆ ಹೋದರೂ ಮಕ್ಕಳು ಹೊರದೇಶದಲ್ಲಿರುವ ನಾಲ್ಕು ಮನೆ ಸಿಗುತ್ತವೆ. ನಿವೃತ್ತರಾದ ಅಪ್ಪ ಅಮ್ಮ ಹೋದಾಗ ಮಕ್ಕಳು ಕ್ರೂಸ್ ಬುಕ್ ಮಾಡುವುದು ಈಗ ಜಾಸ್ತಿಯಾಗಿದೆ. ಹಡಗು ಬೆಳಗ್ಗೆ ಬಂದರಿಗೆ ಬಂದು ಸಂಜೆ ಹೊರಡುತ್ತದೆ. ನಡುವೆ ಇಳಿದು ಸುತ್ತಿ ಬರುವುದಕ್ಕೆ ಶೋರ್ ಎಕ್ಸ್‌ಕರ್ಷನ್ ಅನ್ನುತ್ತಾರೆ. ಆ ಪಟ್ಟಿಯಲ್ಲಿ ‘ಡಾಲ್ಫಿನ್ ಜೊತೆ ಈಜು’ ಅಂತ ಕಂಡರೆ ಯಾರಿಗೆ ಆಸೆ ಆಗಲ್ಲ ಹೇಳಿ? ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋಗಬಾರದಿತ್ತು.

ಮೊದಲು ಕೇಳಬೇಕಾದ್ದು: ಕೊಳವೋ, ಕಡಲೋ?

ಕೆರಿಬಿಯನ್ ಬಂದರುಗಳಲ್ಲಿ ಈ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಕೊಳದಲ್ಲೋ, ಬಲೆ ಕಟ್ಟಿದ ದಡದಲ್ಲೋ ಕೂಡಿಹಾಕಿದ ಡಾಲ್ಫಿನ್ ಆಟ. ಅಣ್ಣನ ಮನೆಗೆ ಅಮೆರಿಕಕ್ಕೆ ಹೋದಾಗ ಅಂಥದ್ದೇ ಒಂದು ಜಾಗಕ್ಕೆ ಹೋದೆವು. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದರು. ಸೀಟಿ ಊದಿದರು. ಡಾಲ್ಫಿನ್ ಬಂದು ನನ್ನ ಕೆನ್ನೆಗೆ ಮೂತಿ ಒತ್ತಿತು, ಫೋಟೊ ಆಯಿತು, ಬಕೆಟ್ಟಿನಿಂದ ಒಂದು ಮೀನು ಎಸೆದರು. ಮುಂದಿನವರ ಸರದಿ. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದೆ. ಬಿಡುವು ಸಿಕ್ಕಾಗೆಲ್ಲ ಅದು ಒಂದೇ ಗೋಡೆಯ ಪಕ್ಕ ಒಂದೇ ಸುತ್ತು ಹಾಕುತ್ತಿತ್ತು. ಆ ಫೋಟೊ ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ನಮ್ಮ ದೇಶ 2013ರಲ್ಲೇ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅವಕಾಶವಿಲ್ಲ ಎಂದಿತು. ಆದ್ದರಿಂದ ಟಿಕೆಟ್ ವಿವರ ಸರಿಯಾಗಿ ಓದಿ. ಮುಟ್ಟಬಹುದು, ಮುತ್ತು ಕೊಡುತ್ತದೆ, ಖಂಡಿತ ಸಿಗುತ್ತದೆ ಎಂದು ಬರೆದಿದ್ದರೆ ಅದು ಸಾಕಿದ ಡಾಲ್ಫಿನ್. ‘ಮುಟ್ಟುವಂತಿಲ್ಲ, ಕಾಣುವ ಭರವಸೆ ಇಲ್ಲ’ ಎಂದಿದ್ದರೆ ಕಡಲಿನದು. ಎರಡನೆಯದಕ್ಕೆ ದುಡ್ಡು ಕೊಡಿ.

ಆಮೇಲೆ ಆ ಊರಿನ ಕಾನೂನು ನೋಡಿ

ಹವಾಯಿಯ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಬೇಟೆಯಾಡಿ ಹಗಲು ದಡದ ಹತ್ತಿರ ನಿದ್ದೆ ಮಾಡುತ್ತವೆ. ಪ್ರವಾಸಿಗರು ಬರುತ್ತಿದ್ದದ್ದು ಅದೇ ಹೊತ್ತಿಗೆ. ಹಾಗಾಗಿ 2021ರಿಂದ ಅಲ್ಲಿ ದಡದ ಆಸುಪಾಸಿನಲ್ಲಿ ಅವುಗಳ ಸುಮಾರು 45 ಮೀಟರ್ ಒಳಗೆ ಹೋಗುವಂತಿಲ್ಲ. ನ್ಯೂಜಿಲೆಂಡಿನ ಬೇ ಆಫ್ ಐಲ್ಯಾಂಡ್ಸ್‌ನಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ಸಂಖ್ಯೆ ಇಳಿದಿದ್ದರಿಂದ 2019ರಲ್ಲಿ ಅವುಗಳ ಜೊತೆ ಈಜುವುದನ್ನು ನಿಲ್ಲಿಸಿದರು. ಅದೇ ದೇಶದ ಕೈಕೌರಾದಲ್ಲಿ ಪರವಾನಗಿ ಪಡೆದ ದೋಣಿಯವರು ಡಸ್ಕಿ ಡಾಲ್ಫಿನ್ ಇರುವಲ್ಲಿ ನೀರಿಗೆ ಇಳಿಸುತ್ತಾರೆ. ಮರಿ ಇರುವ ಗುಂಪಿನ ಹತ್ತಿರ ಯಾರೂ ಈಜುವಂತಿಲ್ಲ. 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಸೇರುವಂತಿಲ್ಲ. ಮಗಳ ಜೊತೆ ಎರಡನೇ ಸಲ ಹೋಗಿದ್ದು ಅಲ್ಲಿಗೇ.

ಎರಡು ತಿಂಗಳು ಮೊದಲೇ ಈಜುಕೊಳಕ್ಕೆ ಹೋಗಿ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ಮೈಸೂರಿನ ಸರಸ್ವತಿಪುರಂನ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ನಾನು ಸ್ನಾರ್ಕೆಲ್ ಕಲಿತೆ, ಅಂದರೆ ಮುಖ ನೀರಿನೊಳಗಿಟ್ಟು ಬಾಯಲ್ಲಿನ ಕೊಳವೆಯಿಂದ ಉಸಿರಾಡುತ್ತಾ ಈಜುವುದು. ಮಾಸ್ಕ್ ಹಾಕಿದರೆ ಮೂಗು ಮುಚ್ಚಿಹೋಗುತ್ತದೆ, ಉಸಿರಾಟ ಪೂರ್ತಿ ಬಾಯಿಯಿಂದ. ಮೊದಲ ದಿನ ನಾಲ್ಕೇ ಉಸಿರಿಗೆ ಗಾಬರಿಯಾಗಿ ತಲೆ ಎತ್ತಿದೆ. ಕೊಳವೆಗೆ ನೀರು ನುಗ್ಗಿದರೆ ‘ಫೂ’ ಅಂತ ಒಂದೇ ಸಲ ಜೋರಾಗಿ ಊದಬೇಕು. ಹೆದರಿ ಒಳಗೆಳೆದರೆ ಕೆಮ್ಮು ಹತ್ತುತ್ತದೆ. ಕೂದಲೆಳೆ ಮಾಸ್ಕಿನ ಅಂಚಿಗೆ ಸಿಕ್ಕರೂ ನೀರು ಸೋರುತ್ತದೆ, ಹೆಂಗಸರು ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬುಕ್ ಮಾಡಬೇಡಿ. ಕೈಕೌರಾದಲ್ಲಿ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಕೊಟ್ಟರೂ ನೀರು ಕೊರೆಯುತ್ತದೆ.

ಆ ದಿನ

ಗಡಿಯಾರ ಹಡಗಿನ ಸಮಯಕ್ಕೇ ಇರಲಿ. ದಡದ ಸಮಯ ಕೆಲವು ಕಡೆ ಬೇರೆ ಇರುತ್ತದೆ. ಹಡಗಿನವರ ಮೂಲಕವೇ ಟೂರ್ ತೆಗೆದುಕೊಂಡಿದ್ದರೆ ತಡವಾದರೂ ಅವರು ನೋಡಿಕೊಳ್ಳುತ್ತಾರೆ. ಹೊರಗೆ ಬುಕ್ ಮಾಡಿದರೆ ಹಡಗು ಕಾಯುವುದಿಲ್ಲ. ಎರಡು ಗಂಟೆ ಮೊದಲೇ ಬಂದರಿನಲ್ಲಿರಿ. ಸಣ್ಣ ದೋಣಿ ಜಾಸ್ತಿ ಓಲಾಡುತ್ತದೆ, ತಿಂಡಿ ಹಗುರವಾಗಿರಲಿ. ಉಂಗುರ, ಬಳೆ, ಸರ ಕ್ಯಾಬಿನ್ನಿನಲ್ಲೇ ಬಿಡಿ.

ನೀರಿಗೆ ಇಳಿದ ಮೇಲೆ

ರಂಗನತಿಟ್ಟಿನ ದೋಣಿಯವರನ್ನು ನೋಡಿದ್ದೀರಲ್ವಾ? ಮೊಸಳೆ ಮಲಗಿದ ಬಂಡೆ ಬಂದಾಗ ಹುಟ್ಟು ಹಾಕುವುದು ನಿಲ್ಲಿಸಿ ಸುಮ್ನೆ ತೇಲಲು ಬಿಡುತ್ತಾರೆ. ಇಲ್ಲೂ ಅಷ್ಟೇ. ಅಟ್ಟಿಸಿಕೊಂಡು ಹೋಗಬೇಡಿ. ಕೈ ಮೈಗಂಟಿಕೊಂಡಿರಲಿ. ಕೊಳವೆಯೊಳಗೆ ಏನಾದರೂ ಗುನುಗಿ, ಕೈಕೌರಾದ ಗೈಡುಗಳು ಹೇಳಿಕೊಡುವುದು ಇದನ್ನೇ. ಕುತೂಹಲಕ್ಕೆ ಅವೇ ಹತ್ತಿರ ಬರುತ್ತವೆ.

ಬಂದವು. ಮೊದಲು ಕಿವಿಗೆ ಟಿಕ್ ಟಿಕ್ ಎಂಬ ಸಣ್ಣ ಸದ್ದು. ಆಮೇಲೆ ಹಸಿರು ನೀರಿನೊಳಗಿಂದ ಬೂದು ಬಣ್ಣದ ಒಂದು ಮೈ ಪಕ್ಕಕ್ಕೆ ವಾಲಿಕೊಂಡು ಬಂತು. ಒಂದು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಾ ನನ್ನ ಸುತ್ತ ಅರ್ಧ ಸುತ್ತು ಹಾಕಿತು. ಗುನುಗುವುದನ್ನು ಮರೆತೆ. ಅದು ಹೊರಟುಹೋಯಿತು.

ಈಜು ಬಾರದವರು, ಅಷ್ಟು ದೂರ ಹೋಗಲಾಗದವರು ಚಳಿಗಾಲದಲ್ಲಿ ಕಾರವಾರಕ್ಕೆ ಹೋಗಿ. ಅಲ್ಲಿ ನೀರಿಗಿಳಿಯುವುದು ಬೇಡ, ದೋಣಿಯಿಂದ ನೋಡುವುದಷ್ಟೇ. ಇಂಜಿನ್ ಆರಿಸಲು ದೋಣಿಯವರಿಗೆ ಮೊದಲೇ ಹೇಳಿಡಿ. ಕಡಲು ಶಾಂತವಾಗಿದ್ದರೆ ಡಾಲ್ಫಿನ್ ಮೇಲೆ ಬಂದು ಉಸಿರು ಬಿಡುವ ‘ಫುಸ್’ ಸದ್ದು ದೋಣಿಯವರೆಗೂ ಕೇಳಿಸುತ್ತದೆ.