ಬರಕ್ಕೆ ಸೊರಗಿದ ಗಿಡ ಅಂದಿದ್ದರು: ಹೊಸ ಪ್ರಭೇದಕ್ಕೆ ಹೆಸರಿಟ್ಟ ನನ್ನ ಅನುಭವ

ಸಂಶೋಧನಾ ಪೇಪರ್ ಅಚ್ಚಾಗಿದೆ. ಹೆಸರು ಐಪಿಎನ್‌ಐ ಎಂಬ ಅಂತರರಾಷ್ಟ್ರೀಯ ಸಸ್ಯನಾಮ ಪಟ್ಟಿ ಸೇರಿದೆ. ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಒಂದೇ ಒಂದು ಮಾದರಿ, ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಕಪಾಟಿನಲ್ಲಿ ತಣ್ಣಗೆ ಮಲಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಐದು ವರ್ಷದ ಹಿಂದೆ ಬರೆದಿದ್ದರೆ ನೀವು ನಗುತ್ತಿದ್ದಿರಿ. ಕೆಲವರು ನಕ್ಕಿದ್ದೂ ಇದೆ, ಮರೆತಿಲ್ಲ.

ಗಿಡ ಕ್ಯಾರಲ್ಯುಮಾ ಗುಂಪಿನದು, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಸಕ್ಯುಲೆಂಟ್. ಹೆಸರನ್ನೂ ಜಾಗವನ್ನೂ ಇಲ್ಲಿ ಹೇಳುವುದಿಲ್ಲ. ಹೆಸರು ಸಿಕ್ಕರೆ ಪೇಪರ್ ಸಿಗುತ್ತದೆ, ಪೇಪರ್ ಸಿಕ್ಕರೆ ಬೆಟ್ಟ ಯಾವುದೆಂದು ಊಹಿಸುವುದು ಕಷ್ಟವಲ್ಲ. ಇಡೀ ಬೆಟ್ಟದಲ್ಲಿ ನಾನು ಎಣಿಸಿದ್ದು 140ರ ಆಸುಪಾಸು. ದಕ್ಷಿಣ ಆಫ್ರಿಕಾದಲ್ಲಿ ಕೋನೋಫೈಟಮ್ ಎಂಬ ಪುಟ್ಟ ಸಕ್ಯುಲೆಂಟ್ ಗಿಡಗಳನ್ನು ಕಳ್ಳರು ರಾಶಿ ರಾಶಿ ಕಿತ್ತು ಸಾಗಿಸಿದ್ದು ನಿಮಗೆ ಗೊತ್ತೇ ಇದೆ. ನನ್ನ ಗಿಡಕ್ಕೆ ಒಬ್ಬ ಕಳ್ಳ, ಒಂದು ಚೀಲ, ಅರ್ಧ ದಿನ ಸಾಕು.

ಮೊದಲ ಸಲ ನೋಡಿದಾಗ ಹೂ ಇರಲಿಲ್ಲ. ಬಂಡೆಯ ಬಿರುಕಿನಲ್ಲಿ ಬೆರಳಿಗಿಂತ ತೆಳ್ಳಗಿನ, ನೇರಳೆ ಛಾಯೆಯ ಕಾಂಡಗಳು. ಹತ್ತಿರದ ಬೆಟ್ಟಗಳಲ್ಲೆಲ್ಲ ಸಿಗುವ ಮಾಮೂಲಿ ಪ್ರಭೇದ ಇದರ ಎರಡರಷ್ಟು ದಪ್ಪ, ಹಸಿರು. ಫೋಟೋ ತೋರಿಸಿದೆ. ಬಲ್ಲವರೊಬ್ಬರು ಒಂದೇ ಮಾತಿನಲ್ಲಿ ಮುಗಿಸಿದರು: 'ಬರಕ್ಕೆ ಸೊರಗಿದೆ, ಅಷ್ಟೇ.' ಮರುವರ್ಷ ಹೂ ಸಿಕ್ಕಿತು. ಕರೋನಾ ಬೇರೆ ಥರ ಇತ್ತು. (ಹೂವಿನ ನಡುವಿನ ಕಿರೀಟದ ಮಾತು. ಮನೆಯಲ್ಲಿ ಫೋನಿನಲ್ಲಿ 'ಕರೋನಾ ಚೆನ್ನಾಗಿ ಕಾಣ್ತಿದೆ' ಎಂದು ಕೂಗಿ ಎಲ್ಲರನ್ನೂ ಗಾಬರಿಪಡಿಸಿದ್ದೇನೆ.) ಅದಕ್ಕೂ ಅದೇ ಉತ್ತರ ಬಂತು. ಒಂದು ಹೂವಿನಲ್ಲಿ ಏನಾಗುತ್ತದೆ, ಡಿಎನ್‌ಎ ಮಾಡಿಸು, ಇಲ್ಲದಿದ್ದರೆ ಸುಮ್ನೆ ಬಿಡು.

ನಾನು ಬಿಡಲಿಲ್ಲ, ಆದರೆ ಡಿಎನ್‌ಎಯಿಂದ ಶುರುವನ್ನೂ ಮಾಡಲಿಲ್ಲ. ಬರ ತಾನೇ ಕಾರಣ? ಹಾಗಾದರೆ ಎರಡನ್ನೂ ಪಕ್ಕಪಕ್ಕ ಕುಂಡದಲ್ಲಿಟ್ಟು ಒಂದೇ ಮಣ್ಣು, ಒಂದೇ ನೀರು ಕೊಟ್ಟು ನೋಡೋಣ ಅಂದುಕೊಂಡೆ. ಅಜ್ಜಿಯ ಕಾಲದ ಉಪಾಯ. 'ಇದು ತೋಟಗಾರಿಕೆ, ವರ್ಗೀಕರಣ ಅಲ್ಲ' ಎಂದೂ ಒಬ್ಬರು ಹೇಳಿದರು.

ಅನುಮತಿ ಪತ್ರಕ್ಕೇ ಏಳು ತಿಂಗಳು ಹೋಯಿತು. ಅದರ ಕಥೆ ಬೇಡ.

ನೆಟ್ಟು ಬೆಳೆಸಲು ನನ್ನ ಗಿಡದ 12 ತುಂಡು, ಮಾಮೂಲಿ ಪ್ರಭೇದದ್ದು ಎರಡು ಬೇರೆ ಬೇರೆ ಬೆಟ್ಟಗಳಿಂದ ಹತ್ತು ಹತ್ತು. ಎರಡು ಬೆಟ್ಟ ಯಾಕೆಂದರೆ, ಒಂದೇ ಕಡೆಯಿಂದ ತಂದರೆ ಆ ಪ್ರಭೇದ ತನ್ನೊಳಗೇ ಎಷ್ಟು ಬದಲಾಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಪ್ರತಿ ಗುಂಪಿನ ಅರ್ಧಕ್ಕೆ ಧಾರಾಳ ನೀರು, ಅರ್ಧಕ್ಕೆ ಪ್ರಾಣ ಹಿಡಿದುಕೊಳ್ಳುವಷ್ಟು. ತಿಂಗಳಿಗೊಮ್ಮೆ ಕುಂಡಗಳ ಜಾಗ ಅದಲು ಬದಲು, ಬಿಸಿಲಿನ ವ್ಯತ್ಯಾಸ ಲೆಕ್ಕ ಕೆಡಿಸಬಾರದಲ್ಲ.

ಮೊದಲ ವರ್ಷ ಹಿಟ್ಟುತಿಗಣೆ ಬಂದು ನನ್ನ 12ರಲ್ಲಿ 5 ಹೋದವು. ಬೇರಿನಲ್ಲಿ ಅಡಗಿತ್ತು, ನಾನು ಕಾಂಡ ನೋಡುತ್ತಾ ಕೂತಿದ್ದೆ. ಇನ್ನೆರಡು ನನ್ನದೇ ಕೈಯಿಂದ ಕೊಳೆತವು, ಚಳಿಗಾಲದಲ್ಲಿ ನೀರು ಹಾಕಿದ್ದಕ್ಕೆ. ಆಗ ಉಳಿದಿದ್ದು ಐದೇ ಐದು. ಅವುಗಳಿಂದ ಮತ್ತೆ ತುಂಡು ಮಾಡಿ ಸಂಖ್ಯೆ ಹೆಚ್ಚಿಸಿಕೊಂಡೆ. ಆದರೆ ಒಂದೇ ಗಿಡದ ತುಂಡುಗಳು ಲೆಕ್ಕಕ್ಕೆ ಒಂದೇ ಗಿಡ. ಅದನ್ನು ಪೇಪರಿನಲ್ಲಿ ಮುಚ್ಚಿಡದೆ ಬರೆದಿದ್ದೇನೆ.

ಎರಡನೇ ವರ್ಷ ಫಲಿತಾಂಶ ಬಂತು, ಅರ್ಧ ನನ್ನ ವಿರುದ್ಧವೇ. ನಾನು ಪಟ್ಟಿ ಮಾಡಿದ್ದ ವ್ಯತ್ಯಾಸ ಏಳು. ಕಾಂಡದ ದಪ್ಪ ಹೋಯಿತು: ಬೆಟ್ಟದಲ್ಲಿ 6 ಮಿಲಿಮೀಟರ್ ಇದ್ದದ್ದು ನೀರು ಕುಡಿದು 11 ಆಯಿತು. ನೀರಿಲ್ಲದ ಮಾಮೂಲಿ ಪ್ರಭೇದ 12ರಿಂದ 7ಕ್ಕೆ ಇಳಿಯಿತು. ನೇರಳೆ ಬಣ್ಣ ನೆರಳಿನಲ್ಲಿ ಮಾಯ. ಕಾಂಡದ ಏಣುಗಳ ಚೂಪು ಹೋಯಿತು. ಗೊಂಚಲಿನಲ್ಲಿ ಎಷ್ಟು ಹೂ ಅನ್ನುವುದೂ ನೀರಿನ ಆಟವೇ. ಏಳರಲ್ಲಿ ನಾಲ್ಕು ಮಣ್ಣುಪಾಲು. 'ಬರಕ್ಕೆ ಸೊರಗಿದೆ' ಅಂದವರು ಅಷ್ಟರ ಮಟ್ಟಿಗೆ ಸರಿ. ಆ ರಾತ್ರಿ ಊಟ ಸೇರಲಿಲ್ಲ.

ಉಳಿದ ಮೂರು ಮಾತ್ರ ಅಲುಗಲಿಲ್ಲ. ಹೊರ ಕರೋನಾ ಮಾಮೂಲಿಯದರಲ್ಲಿ ಬುಡದವರೆಗೂ ಸೀಳಿ ಜೋಡಿ ಕೊಂಬಿನಂತೆ ನಿಲ್ಲುತ್ತದೆ. ನನ್ನದರಲ್ಲಿ ಕೂಡಿಕೊಂಡು ಬಟ್ಟಲಿನಂತೆ, ಅಂಚು ಅಲೆ ಅಲೆ. ಎಸಳಿನ ಅಂಚಿನಲ್ಲಿ ಗಾಳಿಗೆ ನಡುಗುವ ಕೂದಲು ಅದಕ್ಕಿದೆ, ಇದಕ್ಕಿಲ್ಲ. ಅದರ ಹೂ ನೆಲ ನೋಡುತ್ತದೆ, ಇದರದು ಆಕಾಶ. ನೀರು ಕೊಟ್ಟರೂ ಹಾಗೇ, ಕೊಡದಿದ್ದರೂ ಹಾಗೇ. ಮೂರು ಹೂಬಿಡುವ ಕಾಲದಲ್ಲಿ ಇನ್ನೂರಕ್ಕೂ ಹೆಚ್ಚು ಹೂ ಬಿಚ್ಚಿ ನೋಡಿದೆ. ಒಂದೇ ಒಂದು ನಡುವಿನದು ಸಿಗಲಿಲ್ಲ. ಕುಂಡದ ಉಪಾಯ ಕೆಲಸ ಮಾಡಿತು ಅನ್ನುವುದು ಇದಕ್ಕೇ. ಕೈಬಿಡಬೇಕಾದ ನಾಲ್ಕನ್ನು ತೋರಿಸಿಕೊಟ್ಟಿದ್ದರಿಂದ ಉಳಿದ ಮೂರಕ್ಕೆ ಬೆಲೆ ಬಂತು.

ಇಷ್ಟಾದ ಮೇಲೆ 'ಮಿಶ್ರತಳಿ ಇರಬಹುದು' ಎಂಬ ಹೊಸ ರಾಗ ಶುರುವಾಯಿತು. ಅದೂ ನ್ಯಾಯವಾದ ಪ್ರಶ್ನೆಯೇ. ಬೆಟ್ಟದಿಂದ ಒಂದು ಜೋಡಿ ಕಾಯಿ ತಂದಿದ್ದೆ, ಅರವತ್ತರಷ್ಟು ಬೀಜ. ನಲವತ್ತು ಮೊಳೆತವು, 27 ಉಳಿದವು. ಎರಡು ವರ್ಷ ಕಾದು ಹೂ ನೋಡಿದರೆ ಎಲ್ಲವೂ ತಾಯಿಯಂತೆಯೇ. ಮಿಶ್ರತಳಿಯಾಗಿದ್ದರೆ ಮರಿಗಳಲ್ಲಿ ಕಲಸುಮೇಲೋಗರ ಕಾಣಬೇಕಿತ್ತು. ಕೈಯಾರೆ ಪರಾಗಸ್ಪರ್ಶವನ್ನೂ ಮಾಡಿದೆ. ಈ ಗುಂಪಿನಲ್ಲಿ ಅದು ಎಂಥ ಶಿಕ್ಷೆ ಅಂತ ಮಾಡಿದವರಿಗೇ ಗೊತ್ತು. ಪರಾಗದ ಗಂಟನ್ನು ಕೂದಲೆಳೆಯ ಸೀಳಿಗೆ ಸರಿಯಾದ ದಿಕ್ಕಿನಲ್ಲಿ ಜಾರಿಸಬೇಕು. ನೊಣದ ಕಾಲು ಅದನ್ನು ಸಲೀಸಾಗಿ ಮಾಡುತ್ತದೆ. ನನಗೆ ಮೊದಲ ಐವತ್ತು ಯತ್ನಕ್ಕೆ ಕಾಯಿ ಕಟ್ಟಿದ್ದು ಸೊನ್ನೆ. ಆಮೇಲೆ ಒಂದು ಸಾಧನ ಮಾಡಿಕೊಂಡೆ. ಅದರ ತುದಿಯಲ್ಲಿ ಏನಿದೆ ಎಂದು ಹೇಳಲಾರೆ, ಕ್ಷಮಿಸಿ. ಈಗ ಹತ್ತಕ್ಕೆ ಮೂರು ನಾಲ್ಕು ಕಟ್ಟುತ್ತವೆ. ಇಷ್ಟು ಹೊಂದಿಸಿದವರು ನಮ್ಮಲ್ಲಿ ಜಾಸ್ತಿ ಇಲ್ಲ ಅಂದುಕೊಂಡಿದ್ದೇನೆ.

ಈಗ ಒಣಗಿಸುವ ಕಷ್ಟ. ಜೀವಂತ ಗಿಡ ಟೈಪ್ (ಹೆಸರಿಗೆ ಆಧಾರವಾಗುವ ಮಾದರಿ) ಆಗುವುದಿಲ್ಲ, ಕೆಡದಂತೆ ಕಾಪಿಡಲೇಬೇಕು, ಕಾಂಡವನ್ನಾದರೆ ಒತ್ತಿ ಒಣಗಿಸಿ. ಆದರೆ ಸಕ್ಯುಲೆಂಟ್ ಸಾಯುವುದಿಲ್ಲವಲ್ಲ! ಮೊದಲ ಸಲ ಸೀದಾ ಗಿಡ ಒತ್ತುವ ಪ್ರೆಸ್‌ನಲ್ಲಿಟ್ಟು ಐದು ವಾರ ಬಿಟ್ಟು ತೆಗೆದೆ. ಒಂದು ತುಂಡು ಕಪ್ಪಾಗಿ ಕೊಳೆತಿತ್ತು, ಇನ್ನೊಂದು ಕಾಗದದ ನಡುವೆಯೇ ಬಿಳುಚಿದ ಚಿಗುರು ಬಿಟ್ಟಿತ್ತು. ಬೈಯಬೇಕೋ ಮೆಚ್ಚಬೇಕೋ ತಿಳಿಯಲಿಲ್ಲ. 1806ರಲ್ಲಿ ಅಮೆರಿಕದ ಅನ್ವೇಷಕ ಮೆರಿವೆದರ್ ಲೂಯಿಸ್ ಒಣಗಿಸಿ ತಂದ ಗಿಡ ಹೀಗೇ ಮತ್ತೆ ಜೀವ ಹಿಡಿದದ್ದಕ್ಕೆ 1814ರಲ್ಲಿ ಸಸ್ಯಶಾಸ್ತ್ರಜ್ಞ ಪುರ್ಶ್ ಅದಕ್ಕೆ ಲೂಯಿಸಿಯಾ ರೆಡಿವೈವಾ ಎಂದು ಹೆಸರಿಟ್ಟರು (ರೆಡಿವೈವಾ ಅಂದರೆ ಮತ್ತೆ ಜೀವ ಪಡೆದದ್ದು). ಅವರಿಗೆ ಹೆಸರು ಸಿಕ್ಕಿತು, ನನಗೆ ಒಂದು ಹೂಬಿಡುವ ಕಾಲ ನಷ್ಟ.

ಎರಡನೇ ಸಲ ಮೈಕ್ರೋವೇವ್. ಪಟಾಕಿಯಂತೆ ಸಿಡಿಯಿತು. ಅಡುಗೆಮನೆಯಲ್ಲಿ ನನಗೆ ಪ್ರವೇಶ ನಿಷೇಧವಾಯಿತು. ಮೂರನೇ ಸಲ ಫ್ರೀಜರಿನಲ್ಲಿಟ್ಟು ಒತ್ತಿದೆ, ಕರಗಿ ಅಂಬಲಿಯಾಗಿ ಕಾಗದಕ್ಕೆ ಅಂಟಿತು. ಕೊನೆಗೆ ಕೈಹಿಡಿದದ್ದು ಇದು: ಕಾಂಡವನ್ನು ಉದ್ದಕ್ಕೆ ಸೀಳಿ, ಚಮಚದಿಂದ ತಿರುಳು ಕೆರೆದು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಆಮೇಲೆ ಪ್ರೆಸ್. ಮೊದಲ ಮೂರು ದಿನ ದಿನಕ್ಕೆ ಎರಡು ಸಲ ಕಾಗದ ಬದಲಿಸಿ, ಬಿಸಿಗಾಳಿ ಕೊಡಿ. ಕಾಗದಕ್ಕೂ ಗಿಡಕ್ಕೂ ನಡುವೆ ನಾನು ಹಾಕುವ ಹಾಳೆ ಯಾವುದು ಅನ್ನುವುದು ನನ್ನಲ್ಲೇ ಇರಲಿ. ಹೂಗಳು 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ. ಬಣ್ಣ ಒಂದೇ ದಿನದಲ್ಲಿ ಹೋಗುತ್ತದೆ, ಅದಕ್ಕೆ ಮೊದಲೇ ಬಣ್ಣದ ಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಒತ್ತಿದ ಹೂವಿನಿಂದ ಕರೋನಾ ನೋಡುತ್ತೇನೆ ಅನ್ನುವವರಿಗೆ ಕೈಮುಗಿಯುತ್ತೇನೆ.

ಡಿಎನ್‌ಎ ಕೊನೆಗೂ ಮಾಡಿಸಿದೆ. ಬಾಯಿ ಮುಚ್ಚಿಸಲು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕಾಂಡದ ಲೋಳೆ ಡಿಎನ್‌ಎ ಜೊತೆಗೇ ಬಂದುಬಿಡುತ್ತದೆ. ಎರಡು ಕಂತಿನಲ್ಲಿ ಸಿಕ್ಕಿದ್ದು ಡಿಎನ್‌ಎ ಬಂದಿದೆಯೇ ಎಂದು ನೋಡುವ ಜೆಲ್ ಮೇಲೆ ಬರೀ ಮಸಿ, ಮತ್ತು ಬಿಲ್ಲು. ಮೂರನೇ ಸಲ ಎಸಳು ಕೊಟ್ಟೆ, ಅದರಲ್ಲಿ ಲೋಳೆ ಕಡಿಮೆ. ಪ್ರಭೇದಗಳನ್ನು ಹೋಲಿಸಲು ಬಳಸುವ ಐಟಿಎಸ್ ಎಂಬ ಡಿಎನ್‌ಎ ಭಾಗದಲ್ಲಿ ಮಾಮೂಲಿಗೂ ಇದಕ್ಕೂ ವ್ಯತ್ಯಾಸ ಎರಡೋ ಮೂರೋ ಅಕ್ಷರ. ಪೇಪರ್ ಪರಿಶೀಲಿಸಿದ ಒಬ್ಬ ವಿಮರ್ಶಕರು ಕಡಿಮೆಯಾಯಿತು ಅಂದರು, ಇನ್ನೊಬ್ಬರು ಈ ಗುಂಪಿಗೆ ಇಷ್ಟು ಸಾಕು ಅಂದರು. ಪೇಪರಿನಲ್ಲಿ ಅದಕ್ಕೆ ಒಂದು ಪ್ಯಾರಾ ಕೊಟ್ಟಿದ್ದೇನೆ. ಹೂವಿಗೆ ನಾಲ್ಕು ಪುಟ.

ನಡುವೆ ಕ್ರೋಮೊಸೋಮ್ ಹುಚ್ಚೂ ಹಿಡಿದಿತ್ತು. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಜಜ್ಜಿ ಎಣಿಸುವ ಕೆಲಸ. ಎರಡು ತಿಂಗಳ ಭಾನುವಾರಗಳು ಹೋದವು. ಎಣಿಸಲು ಬರುವ ಕೋಶ ಸಿಕ್ಕಿದ್ದು ನಾಲ್ಕು. ನಾಲ್ಕರಲ್ಲೂ 22. ಈ ಗುಂಪಿನ ಹೆಚ್ಚಿನ ಗಿಡಗಳಲ್ಲಿ ಇರುವುದೇ 22. ಬೆಟ್ಟ ಅಗೆದು ಇಲಿ ಹಿಡಿದೆ. ಆದರೆ ಮಜಾ ಬಂತು, ಸುಳ್ಳು ಹೇಳಬಾರದು.

ಇನ್ನು ಗಿಡದ ಕುಲ (ಜೀನಸ್, ಹೆಸರಿನ ಮೊದಲ ಭಾಗ) ಯಾವುದು ಅನ್ನುವ ತಲೆನೋವು. 2017ರಲ್ಲಿ ಸಸ್ಯಶಾಸ್ತ್ರಜ್ಞ ಬ್ರೂಯಿನ್ಸ್ ಮತ್ತು ಸಂಗಡಿಗರು ಕ್ಯಾರಲ್ಯುಮಾವೂ ಸೇರಿದ ಸ್ಟೆಪೀಲಿಯಾ ಬಳಗವನ್ನೆಲ್ಲ ಸೆರೋಪೀಜಿಯಾ ಎಂಬ ಕುಲಕ್ಕೆ ಸೇರಿಸಿಬಿಟ್ಟರು. ಒಪ್ಪಿದವರಿದ್ದಾರೆ, ಒಪ್ಪದವರೂ ಇದ್ದಾರೆ. ವಂಶವೃಕ್ಷ ನೋಡಿದರೆ ಅವರ ವಾದ ಗಟ್ಟಿ. ಆದರೆ ಬೆಟ್ಟದ ಮೇಲೆ ನಿಂತಾಗ ಬಳ್ಳಿಯಂಥ ಸೆರೋಪೀಜಿಯಾವನ್ನೂ ಈ ಬೆರಳಿನಂಥ ಗಿಡವನ್ನೂ ಒಂದೇ ಹೆಸರಿನಿಂದ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಕ್ಯಾರಲ್ಯುಮಾ ಅಂತಲೇ ಇಟ್ಟೆ. ಇಲ್ಲೊಂದು ಕಿವಿಮಾತು, ಇದನ್ನು ಬಚ್ಚಿಡುವುದಿಲ್ಲ: ಪ್ರಭೇದದ ಹೆಸರು ಎರಡೂ ಕುಲಗಳಲ್ಲಿ ಬಳಕೆಯಾಗಿರಬಾರದು. ನಾನು ಮೊದಲು ಆರಿಸಿದ್ದ ಹೆಸರು ಸೆರೋಪೀಜಿಯಾದಲ್ಲಿ ಆಗಲೇ ಇತ್ತು. ನಾಳೆ ಯಾರಾದರೂ ನನ್ನ ಗಿಡವನ್ನು ಅಲ್ಲಿಗೆ ಸಾಗಿಸಿದರೆ ಹೊಸ ಹೆಸರು ಕೊಡಬೇಕಾಗುತ್ತಿತ್ತು, ಅದೂ ಅವರಿಷ್ಟದ್ದು. ಬದಲಿಸಿದೆ. ಎರಡೂ ಕುಲಗಳು ಸ್ತ್ರೀಲಿಂಗ, ಆದ್ದರಿಂದ ಸಾಗಿಸಿದರೂ ಹೆಸರಿನ ಬಾಲ ಬದಲಾಗುವುದಿಲ್ಲ. ವಿವರಣೆ ಇಂಗ್ಲಿಷಿನಲ್ಲೇ ಬರೆದೆ. 2012ರ ಜನವರಿ 1ರಿಂದ ಲ್ಯಾಟಿನ್ ಕಡ್ಡಾಯವಲ್ಲ, ಬದುಕಿಕೊಂಡೆವು.

ಎಲ್ಲಕ್ಕಿಂತ ನಾಚಿಕೆಯ ತಪ್ಪು ಹೇಳಿಬಿಡುತ್ತೇನೆ. ಕಾಂಡವನ್ನು ಒಂದು ದಿನ ಒತ್ತಿದ್ದೆ, ಅದೇ ಗಿಡದ ಹೂವನ್ನು ಮುಂದಿನ ತಿಂಗಳು ಬಾಟಲಿಗೆ ಹಾಕಿದ್ದೆ, ಎರಡಕ್ಕೂ ಒಂದೇ ನಂಬರ್ ಬರೆದಿದ್ದೆ. ಅದೇ ಗಿಡ ತಾನೇ ಎಂಬ ಭಂಡಧೈರ್ಯ. ವಿಮರ್ಶಕರು ಹಿಡಿದರು. ದಿನಾಂಕ ಬೇರೆಯಾದರೆ ಸಂಗ್ರಹ ಬೇರೆ, ಹೋಲೋಟೈಪ್ ಒಂದೇ ಸಂಗ್ರಹದ್ದಾಗಿರಬೇಕು. ಹಾಗೇ ಅಚ್ಚಾಗಿದ್ದರೆ ಹೆಸರೇ ಊರ್ಜಿತವಾಗುತ್ತಿರಲಿಲ್ಲ. ಯಾರೋ ಗೊತ್ತಿಲ್ಲ, ಆ ಪುಣ್ಯಾತ್ಮರಿಗೆ ಋಣಿ. ಮತ್ತೆ ಹೂ ಬರಲು ಹತ್ತು ತಿಂಗಳು ಕಾದೆ. ಈ ಸಲ ಬೆಟ್ಟಕ್ಕೇ ಹೋಗಿ ಒಂದೇ ದಿನ, ಒಂದೇ ಜಾಗದಿಂದ ತಂದೆ. ಕಾಂಡ ಹಾಳೆಗೆ, ಹೂ ಬಾಟಲಿಗೆ, ಇವೆರಡೂ ಒಂದೇ ಮಾದರಿಯ ಭಾಗ ಎಂದು ಎರಡರ ಚೀಟಿಯಲ್ಲೂ ಬರೆದೆ.

ದುಡ್ಡಿನ ವಿಷಯ. ಲೆಕ್ಕದ ಪುಸ್ತಕ ಇಟ್ಟಿಲ್ಲ, ನೆನಪಿನಿಂದ ಹೇಳುವುದಾದರೆ ಒಟ್ಟು ಐದು ತಿಂಗಳ ಸಂಬಳ. ಅರ್ಧ ಓಡಾಟಕ್ಕೆ. ಹೂ ಇರುವುದು ಮೂರು ವಾರ, ಹೋದಾಗ ಮೊಗ್ಗು ಇಲ್ಲವೇ ಬಾಡಿದ್ದು. ಹನ್ನೊಂದು ಸಲ ಹೋಗಿ ಸರಿಯಾದ ಹೂ ಸಿಕ್ಕಿದ್ದು ನಾಲ್ಕು ಸಲ. ಕಾಲು ಭಾಗವನ್ನು ಡಿಎನ್‌ಎ ನುಂಗಿತು. ಉಳಿದದ್ದು ಹಳೆಯ ಸೂಕ್ಷ್ಮದರ್ಶಕ, ಕುಂಡ, ರೇಖಾಚಿತ್ರಕ್ಕೆ. ಚಿತ್ರ ಬರೆದವರಿಗೆ ಕೊಟ್ಟ ದುಡ್ಡು ಮಾತ್ರ ಸಾರ್ಥಕ, ಕರೋನಾದ ಆ ಚಿತ್ರವೇ ವಿಮರ್ಶಕರನ್ನು ಗೆದ್ದದ್ದು. ಒಬ್ಬ ಸಂಗ್ರಾಹಕ ಎಲ್ಲಿಂದಲೋ ವಾಸನೆ ಹಿಡಿದು ಒಂದು ತುಂಡಿಗೆ ಎರಡು ತಿಂಗಳ ಸಂಬಳದಷ್ಟು ಕೊಡುತ್ತೇನೆ ಅಂದ. ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆ ನಂಬರನ್ನು ಬ್ಲಾಕ್ ಮಾಡಿದೆ.

140 ಗಿಡ ಅಂದೆನಲ್ಲ, ಅದೂ ಜಗಳದ ವಿಷಯವೇ. ಒಂದೇ ಬೇರಿನಿಂದ ಹರಡಿದ ಪೊದೆಯನ್ನು ಒಂದೆಂದು ಎಣಿಸಬೇಕೋ ಹತ್ತೆಂದೋ? ನಾನು ಪೊದೆಗೊಂದು ಎಂದು ಎಣಿಸಿದೆ. ಬಲಿತ ಗಿಡ 250ಕ್ಕಿಂತ ಕಡಿಮೆ ಇದ್ದರೆ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಅಳತೆಯಲ್ಲಿ ಅಳಿವಿನಂಚಿನ ವರ್ಗ. ಹಾಗೆಂದೇ ಪೇಪರಿನಲ್ಲಿ ಸೂಚಿಸಿದ್ದೇನೆ.

ಬೀಜದಿಂದ ಬಂದ 27ರಲ್ಲಿ ಈಗ 22 ಬದುಕಿವೆ. ಅವನ್ನು ಬೆಟ್ಟಕ್ಕೆ ಮರಳಿಸಲು ಅನುಮತಿ ಕೇಳಿ ಬರೆದಿದ್ದೇನೆ. ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಅವು ಕಿಟಕಿಯ ಪಕ್ಕದಲ್ಲೇ. ಈ ವಾರ ಒಟ್ಟಿಗೆ ಒಂಬತ್ತು ಹೂ ಅರಳಿವೆ, ಸತ್ತ ಇಲಿಯ ವಾಸನೆ. ಮನೆಯವರು ಕಿಟಕಿ ಮುಚ್ಚಿದ್ದಾರೆ. ನೊಣಗಳು ಗಾಜಿನ ಆಚೆ ಕಾಯುತ್ತಿವೆ.