ಗ್ಯಾಂಗ್‌ವೇ ಅಗಲ: ಮೊದಲು ಸರಕಿನ ದಾರಿ, ಆಮೇಲೆ ರ‍್ಯಾಕು

ಯಂತ್ರ, ರ‍್ಯಾಕುಗಳನ್ನೆಲ್ಲ ಕೂರಿಸಿ, ಮಿಕ್ಕ ಜಾಗಕ್ಕೆ ಗ್ಯಾಂಗ್‌ವೇ (ಗಾಡಿ, ಸರಕು ಓಡಾಡುವ ದಾರಿ) ಎಂದು ಹೆಸರಿಡುವುದು ಬಹಳ ಕಾರ್ಖಾನೆಗಳ ರೂಢಿ. ಕೆಲಸ ಕೆಡುವುದು ಅಲ್ಲಿಂದಲೇ.

ಮೊದಲು ಒಂದು ವಾರ ಓಡಾಟ ಎಣಿಸಿ. ನೆಲದ ನಕ್ಷೆಯ ಮೇಲೆ ಪ್ರತಿ ಟ್ರಿಪ್ಪಿಗೂ ಒಂದು ಗೆರೆ ಎಳೆಯಿರಿ. ಗೆರೆಗಳು ದಟ್ಟವಾದ ಕಡೆ ಮುಖ್ಯ ಗ್ಯಾಂಗ್‌ವೇ ಬರಬೇಕು. ಸರಕು ಇಳಿಸುವ ಬಾಗಿಲಿನಿಂದ ಡಿಸ್ಪ್ಯಾಚ್‌ವರೆಗೆ ಅದು ಆದಷ್ಟೂ ನೇರವಾಗಿರಲಿ, ಹೆಚ್ಚು ಓಡಾಡುವ ಸರಕು ಅದರ ಮಗ್ಗುಲಲ್ಲೇ ಇರಲಿ. ಉದ್ದನೆಯ ಸಾಲುಗಳ ನಡುವೆ ಅಡ್ಡದಾರಿ ಬಿಡಿ. ಕೊನೆ ಮುಚ್ಚಿದ ಓಣಿಯಿದ್ದರೆ ಫೋರ್ಕ್‌ಲಿಫ್ಟ್ (ಸರಕು ಎತ್ತಿ ಸಾಗಿಸುವ ಗಾಡಿ) ಅಷ್ಟುದ್ದಕ್ಕೂ ಹಿಮ್ಮುಖವಾಗಿ ಬರಬೇಕಾಗುತ್ತದೆ.

ಈಗ ಅಗಲ. ಗಾಡಿಯ ಮೈ ಅಳೆದರೆ ಸಾಲದು, ಭಾರ ಹೊತ್ತು ತಿರುಗಲು ಬೇಕಾಗುವ ಜಾಗವನ್ನು ಲೆಕ್ಕ ಹಾಕಬೇಕು. ತಿರುವಿನ ತ್ರಿಜ್ಯ, ಮುಂದಿನ ಆಕ್ಸಲ್‌ನಿಂದ ಫೋರ್ಕಿನ ಮುಖದವರೆಗಿನ (ಸರಕು ಆತುಕೊಳ್ಳುವ ನೆಟ್ಟನೆಯ ಭಾಗದವರೆಗಿನ) ದೂರ, ಪ್ಯಾಲೆಟ್ಟಿನ (ಸರಕು ಪೇರಿಸುವ ಹಲಗೆಯ) ಉದ್ದ, ಜೊತೆಗೆ 200 ಮಿ.ಮೀ. ಸಡಿಲ, ಇಷ್ಟನ್ನೂ ಕೂಡಿಸಿ. ಉದಾಹರಣೆಗೆ 2,200 + 450 + 1,000 + 200 = 3,850 ಮಿ.ಮೀ. ಮೊದಲೆರಡು ಅಂಕಿ ನಿಮ್ಮ ಗಾಡಿಯ ಕೈಪಿಡಿಯಲ್ಲೇ ಸಿಗುತ್ತವೆ. ಫೋರ್ಕನ್ನು ಮುಂದಕ್ಕೆ ಚಾಚಬಲ್ಲ ರೀಚ್ ಟ್ರಕ್ ಆದರೆ ಸುಮಾರು 2.7ರಿಂದ 3 ಮೀಟರ್ ಸಾಕು. ಆದರೆ ಅದರ ಸಣ್ಣ ಗಾಲಿಗಳಿಗೆ ಗುಂಡಿ ಬಿದ್ದ ನೆಲ ಆಗಿಬರುವುದಿಲ್ಲ.

ಎಲ್ಲರೂ ಎಡವುವುದು ಅಳತೆಯ ಟೇಪು ಹಿಡಿಯುವ ಜಾಗದಲ್ಲಿ. ಖಾಲಿ ರ‍್ಯಾಕಿನ ಬೀಮಿನಿಂದ (ಪ್ಯಾಲೆಟ್ ಕೂರುವ ಅಡ್ಡಪಟ್ಟಿಯಿಂದ) ಎದುರು ಬೀಮಿಗೆ 3,850 ಸಿಕ್ಕಿತೆಂದು ಸಮಾಧಾನಪಡುತ್ತಾರೆ. ಪ್ಯಾಲೆಟ್ ಇಟ್ಟಾಗ ಅದು ಬೀಮಿನಿಂದ ಸುಮಾರು 100 ಮಿ.ಮೀ. ಹೊರಗೆ ಚಾಚುತ್ತದೆ, ಎರಡೂ ಕಡೆ ಸೇರಿ 200. ಇಟ್ಟುಕೊಂಡ ಸಡಿಲವೆಲ್ಲ ಅಲ್ಲಿಗೆ ಮುಗಿಯಿತು. ಒಂದೇ ಸಲಕ್ಕೆ ತಿರುಗಬೇಕಾದ ಚಾಲಕ ಹಿಂದೆ ಮುಂದೆ ಆಡಿಸುತ್ತಾನೆ, ಹಿಂಬದಿ ತಗುಲಿ ರ‍್ಯಾಕಿನ ಕಂಬದ ಬುಡ ಸೊಟ್ಟಗಾಗುತ್ತದೆ. ಸೊಟ್ಟಗಾದ ಕಂಬ ತನ್ನ ಪೂರ್ತಿ ಭಾರ ಹೊರಲಾರದು. ಆದ್ದರಿಂದ ತುಂಬಿದ ಪ್ಯಾಲೆಟ್ಟಿನ ಅಂಚಿನಿಂದ ಎದುರು ಪ್ಯಾಲೆಟ್ಟಿನ ಅಂಚಿಗೇ ಅಳೆಯಿರಿ.

ಎದುರುಬದುರು ಗಾಡಿ ಓಡುವ ಮುಖ್ಯ ದಾರಿಗೆ, ಭಾರ ಹೊತ್ತ ಎರಡು ಗಾಡಿಗಳ ಅಗಲಕ್ಕೆ ಕನಿಷ್ಠ 900 ಮಿ.ಮೀ. ಸೇರಿಸಿ. ನಡೆದಾಡುವವರ ದಾರಿ ಇದರೊಳಗೆ ಬೇಡ. ಅದನ್ನು ಬೇರೆಯೇ ಮಾಡಿ, ನಡುವೆ ಕಬ್ಬಿಣದ ತಡೆಕಂಬಿ ಹಾಕಿ. ಬರೀ ಹಳದಿ ಗೆರೆ ಫೋರ್ಕ್‌ಲಿಫ್ಟನ್ನು ತಡೆಯುವುದಿಲ್ಲ. ಕೂಡುದಾರಿಯ ಮೂಲೆಗಳಲ್ಲಿ ಎತ್ತರಕ್ಕೆ ಸರಕು ಪೇರಿಸದಿದ್ದರೆ ಎದುರಿನವರು ಕಾಣುತ್ತಾರೆ. ಕನ್ನಡಿ ಆಮೇಲಿನ ಮಾತು.

ರ‍್ಯಾಕನ್ನು ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟಿಗೆ ನೆಲ ಕೊರೆಯುವ ಮುನ್ನ, ದಾರಿಯ ಅಂಚು ಬರುವ ಕಡೆ ನೆಲಕ್ಕೆ ಟೇಪು ಅಂಟಿಸಿ, ಗೆರೆಯುದ್ದಕ್ಕೂ ಖಾಲಿ ಪ್ಯಾಲೆಟ್ ನಿಲ್ಲಿಸಿ, ನಿಮ್ಮಲ್ಲಿರುವ ಅತಿ ಉದ್ದದ ಸರಕು ಹೊರಿಸಿ ತಿರುಗಿಸಿ ನೋಡಿ. ಹೊಸ ಚಾಲಕನ ಕೈಯಲ್ಲೂ ಒಂದು ಸಲ ಓಡಿಸಿ. ಪ್ಯಾಲೆಟ್ ಒಂದಾದರೂ ಜರುಗಿದರೆ ಸಾಲನ್ನು ಹಿಂದಕ್ಕೆ ಸರಿಸಿ, ಮತ್ತೆ ಅಳೆಯಿರಿ.